ಹೆಸರು ಬಾರದ ಸಾಮಾನು, ಕಿಟೆಲ್ ಹಿಡಿದ ದಾರಿ

ಟಿ. ದಾಸರಹಳ್ಳಿ: ಬಾಗಿಲು ತಿರುಗೋಕೆ ಹಾಕೋ ಕಬ್ಬಿಣ ಬೇಕು ಅಂತ ಗಿರಾಕಿ ಕೈಬೀಸಿ ತೋರಿಸ್ತಾನೆ. ಅಂಗಡಿಯವರು ಕೀಲು ತೆಗೆದುಕೊಡ್ತಾರೆ. ಅರ್ಥ ಗೊತ್ತು, ಪದ ಬಾಯಿಗೆ ಬರೋದಿಲ್ಲ!

ಈ ಪರದಾಟ ಪಾದ್ರಿ ಫರ್ಡಿನೆಂಡ್ ಕಿಟೆಲ್‌ರಿಗೂ ಇತ್ತು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್ ಮೂಲಕ ಕನ್ನಡನಾಡಿಗೆ ಬಂದ ಈತನಿಗೆ ವಸ್ತು ಕಣ್ಣೆದುರು ಇದ್ದರೂ ಹೆಸರು ಹೇಳೋಕೆ ಕನ್ನಡಿಗರೇ ಬೇಕಿತ್ತು. ಹಳೆಗನ್ನಡ ಕಾವ್ಯ ಓದಿದರು. ಆಡುಮಾತು, ಗಾದೆ ಕೂಡಿಹಾಕಿದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ ಅಚ್ಚು ಹಾಕಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅದೇ ಊರಲ್ಲಿ ತೀರಿಕೊಂಡರು.

ಒಂದು ತೊಡಕು ಮಾತ್ರ ಉಳಿಯಿತು. ಅಮರಕೋಶದಲ್ಲಿ ಪದಗಳು ವಿಷಯವಾರು ಗುಂಪಾಗಿವೆ. ಕಿಟೆಲ್ ನಿಘಂಟು ಅಕ್ಷರಕ್ರಮದ್ದು. ಪದ ಗೊತ್ತಿದ್ದರಷ್ಟೇ ಅರ್ಥ ಸಿಗೋದು. ಅರ್ಥದಿಂದ ಪದಕ್ಕೆ ಹೋಗಬೇಕಾದರೆ ಆ ಕಸುಬಿನವರನ್ನೇ ಕೇಳಬೇಕು. ಹಾಗೆ ಕೇಳಿ ಬರೆದಿಟ್ಟಿದ್ದರಿಂದಲೇ ಎಷ್ಟೋ ಮಾತು ಆಡಿದವರು ಹೋದ ಮೇಲೂ ಉಳಿದವು. ಅಂಗಡಿಯ ಬಿಲ್ಲಿನಲ್ಲಿ ಕೀಲು ಅಂತ ಕನ್ನಡದಲ್ಲೇ ಬರೆದರೆ ಅದೂ ಕಿಟೆಲ್ ಮಾಡಿದ ಕೆಲಸವೇ.