ಕ್ಯಾಪ್ಟನ್ ಮ್ಯಾನ್‌ಬಿಯ ತಾಮ್ರದ ಡಬ್ಬ

ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರನ್ನು ನಾವು ದಿನವೂ ನೋಡುತ್ತೇವೆ. ಒತ್ತಡ ತುಂಬಿಸಿ ಕೈಯಲ್ಲೇ ಎತ್ತಿಕೊಂಡು ಹೋಗುವಂಥ ಈ ಮಾದರಿಯ ಅಗ್ನಿಶಾಮಕವನ್ನು ರೂಪಿಸಿದವರು ಇಂಗ್ಲೆಂಡಿನ ಜಾರ್ಜ್ ವಿಲಿಯಂ ಮ್ಯಾನ್‌ಬಿ. ಅವರು ಹುಟ್ಟಿದ್ದು 1765ರಲ್ಲಿ, ನಾರ್ಫೋಕ್ ಪ್ರಾಂತ್ಯದ ಡೆನ್ವರ್ ಎಂಬ ಹಳ್ಳಿಯಲ್ಲಿ. ಯುವಕರಾಗಿದ್ದಾಗಲೇ ಸಣ್ಣ ತೋಪಿನಿಂದ ಹಗ್ಗವನ್ನು ಚರ್ಚಿನ ಮೇಲೆ ಹಾಯಿಸಿದ್ದರಂತೆ. ಅಂದು ಊರವರಿಗೆ ಅದು ತಮಾಷೆಯಾಗಿ ಕಂಡಿರಬೇಕು.

1803ರಲ್ಲಿ ಅವರು ಸಮುದ್ರದಂಡೆಯ ಗ್ರೇಟ್ ಯಾರ್ಮತ್ ಪಟ್ಟಣದಲ್ಲಿ ಸೈನಿಕರ ವಸತಿಯ ಮೇಲ್ವಿಚಾರಕರಾದರು. 1807ರ ಬಿರುಗಾಳಿಯಲ್ಲಿ ಸ್ನೈಪ್ ಎಂಬ ಹಡಗು ದಡದಿಂದ ಕೆಲವೇ ಮಾರು ದೂರದಲ್ಲಿ ಸಿಕ್ಕಿಬಿತ್ತು. ಸತ್ತವರು 67 ಮಂದಿ. ದಡದಲ್ಲಿ ಜನ ನಿಂತಿದ್ದರು, ಆದರೆ ಹಗ್ಗ ಮುಟ್ಟಿಸುವ ದಾರಿ ಇರಲಿಲ್ಲ. ಮ್ಯಾನ್‌ಬಿಗೆ ಹಳೆಯ ತೋಪು ನೆನಪಾಯಿತು. ಗುಂಡಿಗೆ ಹಗ್ಗ ಕಟ್ಟಿ ಹಡಗಿನ ಮೇಲೆ ಹಾರಿಸುವ ಉಪಕರಣ ಮಾಡಿದರು. 1808ರ ಫೆಬ್ರವರಿ 12ರಂದು ಎಲಿಜಬೆತ್ ಎಂಬ ಹಡಗಿನ ಏಳು ಜನ ಅದರಿಂದ ಬದುಕಿಕೊಂಡರು.

1813ರಲ್ಲಿ ಎಡಿನ್‌ಬರೋದಲ್ಲಿ ಬೆಂಕಿ ಬಿದ್ದುದನ್ನು ಅವರು ಕಂಡರು. ಕೆಳಗೆ ನೀರಿತ್ತು, ಮೇಲಿನ ಅಂತಸ್ತಿಗೆ ಅದು ತಲುಪಲಿಲ್ಲ. ಮತ್ತೆ ಅದೇ ಸಮಸ್ಯೆ: ಸಹಾಯ ಹತ್ತಿರವಿದೆ, ಮುಟ್ಟುವುದಿಲ್ಲ! ಹಾಗಾಗಿ ದೊಡ್ಡ ಪಂಪಿನ ಬದಲು ಒಬ್ಬನೇ ಎತ್ತಿಕೊಂಡು ಮೆಟ್ಟಿಲು ಹತ್ತಬಹುದಾದ ತಾಮ್ರದ ಪಾತ್ರೆ ಮಾಡಿದರು. ಅದರಲ್ಲಿ ಸುಮಾರು 13 ಲೀಟರ್ ಪೊಟ್ಯಾಷಿಯಂ ಕಾರ್ಬೊನೇಟ್ ಬೆರೆಸಿದ ನೀರು, ಅದರ ಮೇಲೆ ಒತ್ತಿ ತುಂಬಿದ ಗಾಳಿ. ನಲ್ಲಿ ತಿರುಗಿಸಿದರೆ ಗಾಳಿ ನೀರನ್ನು ಹೊರಗೆ ತಳ್ಳುತ್ತದೆ. ಇಂದಿಗೂ ಹೋಟೆಲ್ ಅಡುಗೆಮನೆಯ ಎಣ್ಣೆ ಬೆಂಕಿಗೆ ಪೊಟ್ಯಾಷಿಯಂ ಲವಣಗಳ ದ್ರಾವಣವನ್ನೇ ಬಳಸುತ್ತಾರೆ ಎಂದು ಓದಿ ನನಗೆ ಆಶ್ಚರ್ಯವಾಯಿತು.

ನಾನು ಇದನ್ನೆಲ್ಲ ಓದತೊಡಗಿದ್ದು ಮಾಮು ಕಾರಣದಿಂದ. ಅವರು ಶರಾವತಿಯಲ್ಲಿ ಪ್ರವಾಸಿಗರ ದೋಣಿ ನಡೆಸುತ್ತಾರೆ. ದೋಣಿಗೆ ಯಾವ 'ಆಗ್ ಕಾ ಡಬ್ಬಾ' ತರಬೇಕು ಎಂದು ಮನೆಯಲ್ಲಿ ಚರ್ಚೆ. ಸುತ್ತಲೂ ನೀರೇ ಇದೆಯಲ್ಲ ಎಂದು ಅಮ್ಮಿ ಕೇಳಿದರು. ಉರಿಯುವ ಡೀಸೆಲ್ ನೀರಿನ ಮೇಲೆ ತೇಲಿ ಇನ್ನಷ್ಟು ಹರಡುತ್ತದೆ, ಬ್ಯಾಟರಿಯ ವೈರಿಗೂ ನೀರು ಆಗದು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ತೆರೆದ ದೋಣಿಯಲ್ಲಿ ಗಾಳಿಗೆ ಹಾರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಾದರೆ ಒಳಗಿದ್ದವರ ಉಸಿರು ಕಟ್ಟಿಸಬಹುದು. ಮರ, ಇಂಧನ, ವೈರ್ ಮೂರೂ ಇರುವ ಅಂಥ ದೋಣಿಗೆ ಎಬಿಸಿ ಪುಡಿಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಗಲೀಜಾಗುತ್ತದೆ, ಆಗಲಿ. ಐಎಸ್‌ಐ ಗುರುತು ಇರಬೇಕು, ಮೀಟರಿನ ಮುಳ್ಳು ಹಸಿರಿನಲ್ಲಿರಬೇಕು. ಅದನ್ನು ಇಂಜಿನ್ ಪಕ್ಕದಲ್ಲೇ ಕಟ್ಟಿದರೆ ಬೆಂಕಿ ಬಿದ್ದಾಗ ಕೈಗೆ ಸಿಗದು. ಇಂಜಿನ್ ದೋಣಿಗಳಲ್ಲಿ ಅಗ್ನಿಶಮನ ಸಾಧನ ಇರಬೇಕೆಂದು 2021ರ ಒಳನಾಡು ಜಲಯಾನ ಕಾಯ್ದೆಯೂ ಹೇಳುತ್ತದೆ. ಎಷ್ಟು, ಯಾವ ಅಳತೆ ಎಂಬುದನ್ನು ತಪಾಸಣೆಯ ಅಧಿಕಾರಿಯನ್ನೇ ಕೇಳಬೇಕು.

ಮ್ಯಾನ್‌ಬಿಯವರಿಗೆ ಸಂಸತ್ತು ಹಣ ಕೊಟ್ಟಿತು, 1831ರಲ್ಲಿ ರಾಯಲ್ ಸೊಸೈಟಿ ಸದಸ್ಯತ್ವವೂ ಬಂತು. ಆದರೂ ತಮಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂಬ ಕೊರಗು ಹೋಗಲಿಲ್ಲ. ಹಡಗಿನ ರಕ್ಷಣೆಯ ನೆನಪಿಗೆ 1842ರಲ್ಲಿ ಸ್ವತಃ ತಾವೇ ಒಂದು ಸ್ಮಾರಕ ನಿಲ್ಲಿಸಿಕೊಂಡರು! ಸ್ವಲ್ಪ ನಗು ಬರುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ. ಕೊನೆಗಾಲದಲ್ಲಿ ನೌಕಾಪತಿ ನೆಲ್ಸನ್ನರ ವಸ್ತುಗಳನ್ನು ಕೂಡಿಹಾಕಿ ಮನೆಯನ್ನೇ ಮ್ಯೂಸಿಯಂ ಮಾಡಿದರು. ತಾವು ಮಾತ್ರ ನೆಲಮಾಳಿಗೆಯಲ್ಲಿ ವಾಸವಿದ್ದರು. 1854ರ ನವೆಂಬರಿನಲ್ಲಿ, 89 ತುಂಬಲು ಕೆಲವೇ ದಿನಗಳಿದ್ದಾಗ ತೀರಿಕೊಂಡರು.