ಜಾನ್ ಡಾರ್

ಅಕ್ಕಿ ತೊಳೆದ ನೀರನ್ನು ಕದಲಿಸದೆ ಇಟ್ಟರೆ ಹಿಟ್ಟು ತಳದಲ್ಲಿ ನಿಂತು, ತಿಳಿ ಮೇಲೆ ಉಳಿಯುತ್ತದೆ. ಮನೆಮನೆಯಲ್ಲಿಯೂ ಕಾಣುವ ಈ ಸಂಗತಿಯನ್ನು ಆಧರಿಸಿ ಯಂತ್ರವೊಂದನ್ನು ರೂಪಿಸಿ, ಗಣಿ ಉದ್ಯಮಕ್ಕೆ ಮಹದುಪಕಾರ ಮಾಡಿದವರು ಜಾನ್ ಡಾರ್.

ಡಾರ್ ಅವರು 1872ರಲ್ಲಿ ಅಮೆರಿಕದ ನ್ಯೂಜೆರ್ಸಿ ಪ್ರಾಂತದಲ್ಲಿ ಜನಿಸಿದರು. ಎಳೆಯ ಹರೆಯದಲ್ಲಿಯೇ ಸುಪ್ರಸಿದ್ಧ ಸಂಶೋಧಕ ಎಡಿಸನ್ನರ ಪ್ರಯೋಗಶಾಲೆಯಲ್ಲಿ ದುಡಿಯುವ ಸುಯೋಗ ಅವರಿಗೆ ಒದಗಿತು. ರಟ್ಗರ್ಸ್ ಕಾಲೇಜಿನಲ್ಲಿ ವ್ಯಾಸಂಗಮಾಡಿ 1894ರಲ್ಲಿ ಪದವೀಧರರಾದರು. ಅನಂತರ ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್ ಎಂಬ ಗಿರಿಪ್ರದೇಶದ ಚಿನ್ನದ ಗಣಿಗಳತ್ತ ತೆರಳಿದರು.

ಅಲ್ಲಿ ಅದಿರನ್ನು ನೀರಿನೊಡನೆ ನುಣ್ಣಗೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸುತ್ತಿದ್ದರು. ನಮ್ಮ ಕೋಲಾರದ ಗಣಿಗಳಲ್ಲಿಯೂ ಈ ವಿಧಾನ ಬಳಕೆಯಲ್ಲಿತ್ತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಚಿನ್ನ ತೆಗೆದ ಬಳಿಕ ಉಳಿದ ಪುಡಿಯ ದೊಡ್ಡ ದಿಬ್ಬಗಳು ಅದಕ್ಕೆ ಸಾಕ್ಷಿಯಾಗಿ ನಿಂತಿವೆ. ಕರಗಿದ ಚಿನ್ನವಿರುವುದು ತಿಳಿಯಲ್ಲಿ. ಆದರೆ ಅದಿರಿನ ನವಿರಾದ ಕೆಸರು ಬೇಗನೆ ತಳಕ್ಕೆ ಇಳಿಯದು. ತೊಟ್ಟಿಯನ್ನು ತುಂಬಬೇಕು, ಕಾಯಬೇಕು, ತಿಳಿಯನ್ನು ಬಸಿಯಬೇಕು, ಕೆಸರನ್ನು ಹೊರಹಾಕಬೇಕು, ಮತ್ತೆ ತುಂಬಬೇಕು. ಕಾಲವೂ ಕೂಲಿಯೂ ವ್ಯಯವಾಗುತ್ತಿದ್ದವು. ಕೆಸರಿನಲ್ಲಿ ಸಿಕ್ಕಿಕೊಂಡ ದ್ರಾವಣದೊಡನೆ ಚಿನ್ನವೂ ಪೋಲಾಗುತ್ತಿತ್ತು. ಚಿನ್ನದ ಅಂಶ ಕಡಿಮೆಯಿದ್ದ ಅದಿರಿನಿಂದ ಲಾಭ ಪಡೆಯುವುದು ದುಸ್ತರವಾಗಿತ್ತು.

ಡಾರ್ ಅವರು ಎದೆಗುಂದಲಿಲ್ಲ. 1904ರಲ್ಲಿ ಮರಳನ್ನೂ ನವಿರಾದ ಕೆಸರನ್ನೂ ಬೇರ್ಪಡಿಸುವ ಯಂತ್ರವನ್ನು ನಿರ್ಮಿಸಿದರು. ಮರುವರ್ಷ, ಕೆಸರನ್ನು ಗಟ್ಟಿಮಾಡುವ ತೊಟ್ಟಿಯನ್ನು ಸಿದ್ಧಪಡಿಸಿದರು. ಅಗಲವಾದ ದುಂಡು ತೊಟ್ಟಿಯ ನಡುವೆ ಕೆಸರುನೀರು ಎಡೆಬಿಡದೆ ಬೀಳುತ್ತದೆ. ತಿಳಿಯು ಅಂಚಿನಿಂದ ಹೊರಚೆಲ್ಲುತ್ತದೆ. ತಳದಲ್ಲಿ ತಿರುಗುವ ತೋಳುಗಳು ಕೆಳಗಿಳಿದ ಕೆಸರನ್ನು ನಡುವಿನ ರಂಧ್ರದತ್ತ ಸರಿಸುತ್ತವೆ. ತೋಳುಗಳ ಗತಿ ಬಹಳ ನಿಧಾನ. ಅವಸರವಾಗಿ ತಿರುಗಿದರೆ ಇಳಿದ ಕೆಸರು ಮತ್ತೆ ಕದಡೀತು. ಈ ನಿಧಾನವೇ ಯಂತ್ರದ ಮರ್ಮ. ನಿಂತುನಿಂತು ನಡೆಯುತ್ತಿದ್ದ ಕೆಲಸ ಇದರಿಂದ ಹಗಲಿರುಳೂ ತಡೆಯಿಲ್ಲದೆ ಸಾಗುವಂತಾಯಿತು. ಇಂಥ ತೊಟ್ಟಿಗಳನ್ನು ಸಾಲಾಗಿರಿಸಿ, ಕೆಸರನ್ನು ಒಂದು ದಿಕ್ಕಿಗೂ ತೊಳೆಯುವ ನೀರನ್ನು ಎದುರು ದಿಕ್ಕಿಗೂ ಹರಿಸಿದಾಗ ಕೆಸರಿನಲ್ಲಿ ಉಳಿದ ಚಿನ್ನವೂ ಬಹುಮಟ್ಟಿಗೆ ಕೈಸೇರಿತು.

ಗಣಿಗಾಗಿ ಹುಟ್ಟಿದ ಈ ಉಪಾಯ ನಗರಗಳಿಗೂ ನೆರವಾಯಿತು. ಬೆಂಗಳೂರಿನ ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿ ಈಗ ನಗರದ ಕೊಳೆನೀರನ್ನು ಹೊತ್ತು ಹರಿಯುತ್ತಿದೆ. ಅಂಥ ನೀರನ್ನು ಶುದ್ಧಗೊಳಿಸುವ ಕೇಂದ್ರಗಳಲ್ಲಿ ಮೆಲ್ಲನೆ ತಿರುಗುವ ತೋಳುಗಳುಳ್ಳ ದುಂಡು ತೊಟ್ಟಿಗಳನ್ನು ಕಾಣಬಹುದು. ಅವುಗಳ ಮೂಲ ತತ್ತ್ವವೂ ಇದೇ.

ಇಳಿವಯಸ್ಸಿನಲ್ಲಿಯೂ ಡಾರ್ ಅವರ ಲೋಕಹಿತಚಿಂತನೆ ಕುಂದಲಿಲ್ಲ. ಇರುಳಿನಲ್ಲಿಯೂ ಮಂಜಿನಲ್ಲಿಯೂ ವಾಹನ ನಡೆಸುವವರಿಗೆ ರಸ್ತೆಯ ಅಂಚು ಕಾಣದೆ ಅವರು ನಡುಗೆರೆಗೆ ಅಂಟಿಕೊಳ್ಳುವುದನ್ನು ಗಮನಿಸಿ, ಅಂಚಿನಲ್ಲಿಯೂ ಬಿಳಿಯ ಗೆರೆ ಎಳೆಯಬೇಕೆಂದು ಒತ್ತಾಯಿಸಿದರು. 1950ರ ದಶಕದಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಇದರ ಪ್ರಯೋಗ ನಡೆಯಿತು. ಇಂದು ನಮ್ಮ ಹೆದ್ದಾರಿಗಳಲ್ಲಿಯೂ ಅಂಥ ಗೆರೆಗಳಿವೆ.

ಡಾರ್ ಅವರು 1962ರಲ್ಲಿ ನಿಧನರಾದರು. ಎಲ್ಲರೂ ಕಂಡು ಸುಮ್ಮನಾಗುವ ಸಣ್ಣ ಸಂಗತಿಗಳನ್ನು ತಾಳ್ಮೆಯಿಂದ ನೋಡಿ, ಅವುಗಳಿಂದ ಜನರಿಗೆ ಹಿತವಾದುದನ್ನು ಸಾಧಿಸಿದ್ದೇ ಅವರ ಹಿರಿಮೆ.