ಬೆಳಕಿಗೆ ಶಬ್ದದ ದಾರಿ: ಸರ್ ಸಿ.ವಿ. ರಾಮನ್

ಬ್ರಹ್ಮಾವರದಿಂದ ಕುಂದಾಪುರವನ್ನು ದಾಟಿ ಬೈಂದೂರಿನವರೆಗೆ ಕಡಲಿನ ನೀಲಿಯನ್ನು ನಿತ್ಯವೂ ಕಾಣುವ ನಮ್ಮ ವಿದ್ಯಾರ್ಥಿಗಳಿಗೆ ಸರ್ ಚಂದ್ರಶೇಖರ ವೆಂಕಟ ರಾಮನ್ನರ ಹೆಸರು ಹೊಸದಲ್ಲ. 1921ರ ಹಡಗುಯಾನದಲ್ಲಿ ಸಮುದ್ರದ ನೀಲಿಗೆ ಕಾರಣವನ್ನು ಅರಸಿದುದು, 1928ರ ಫೆಬ್ರವರಿ 28ರ ಆವಿಷ್ಕಾರ, 1930ರ ನೊಬೆಲ್ ಪಾರಿತೋಷಕ, ಇವನ್ನೆಲ್ಲ ಪಠ್ಯಪುಸ್ತಕಗಳೇ ಹೇಳುತ್ತವೆ. ಆದರೆ ಕನ್ನಡ ನಾಡಿನಲ್ಲಿಯೇ ಅವರು ನಡೆಸಿದ ಮತ್ತೊಂದು ಮಹತ್ಕಾರ್ಯಕ್ಕೆ ಸಲ್ಲಬೇಕಾದಷ್ಟು ಪ್ರಚಾರ ದೊರೆತಿಲ್ಲ.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿ, ಹಣಕಾಸು ಇಲಾಖೆಯ ಉನ್ನತ ಹುದ್ದೆಯನ್ನು ತೊರೆದು 1917ರಲ್ಲಿ ಕಲಕತ್ತೆಯಲ್ಲಿ ಪ್ರಾಧ್ಯಾಪಕರಾದ ರಾಮನ್ನರು, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮರುವರ್ಷವೇ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದರ ಪತ್ರಿಕೆಯಲ್ಲಿ 1935–36ರಲ್ಲಿ ಎನ್.ಎಸ್. ನಾಗೇಂದ್ರನಾಥರೊಡನೆ ಐದು ಪ್ರಬಂಧಗಳನ್ನು ಪ್ರಕಟಿಸಿದರು. ಕಿವಿಗೆ ನಿಲುಕದ ಸೂಕ್ಷ್ಮ ಶಬ್ದತರಂಗಗಳು ದ್ರವದಲ್ಲಿ ಹಾಯುವಾಗ ಅದರ ಸಾಂದ್ರತೆ ಒಂದೆಡೆ ಹೆಚ್ಚಿ ಮತ್ತೊಂದೆಡೆ ತಗ್ಗುತ್ತದೆ. ಆ ಪಟ್ಟೆಗಳ ಸಾಲು ಅಡ್ಡಲಾಗಿ ಬಂದ ಬೆಳಕನ್ನು ಹಲವು ದಿಕ್ಕುಗಳಿಗೆ ಹಂಚುತ್ತದೆ. 1932ರಲ್ಲಿ ಅಮೆರಿಕ, ಫ್ರಾನ್ಸುಗಳಲ್ಲಿ ಕಂಡುಬಂದಿದ್ದ ಈ ವಿದ್ಯಮಾನಕ್ಕೆ ಗಣಿತದ ಸ್ಪಷ್ಟ ವಿವರಣೆಯನ್ನು ಒದಗಿಸಿದವರು ಇವರೀರ್ವರು.

ಆಗ ಲೇಸರ್ ಇರಲೇ ಇಲ್ಲ. ಅದು ಹುಟ್ಟಿದ್ದು 1960ರಲ್ಲಿ. ಅತಿ ಪ್ರಖರವಾದ ಲೇಸರ್ ಕಿರಣವನ್ನು ಗಾಜು, ಸ್ಫಟಿಕಗಳ ಮೂಲಕ ತಿರುಗಿಸಹೊರಟರೆ ಅವೇ ಹಾಳಾಗುವ ಭಯವುಂಟು. ಗಾಳಿಗೆ ಸೀಳುವ, ಸುಡುವ ಭಯವೆಲ್ಲಿಯದು! 2023ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಡೆಸಿ ಸಂಶೋಧನಾ ಕೇಂದ್ರದವರು ಬರಿಯ ಗಾಳಿಯಲ್ಲಿ ಅಂತಹ ಶಬ್ದತರಂಗಗಳನ್ನು ಎಬ್ಬಿಸಿ, 20 ಗಿಗಾವ್ಯಾಟ್, ಎಂದರೆ 2,000 ಕೋಟಿ ವ್ಯಾಟ್ ಗರಿಷ್ಠ ಶಕ್ತಿಯ ಲೇಸರ್ ಮಿಡಿತಗಳ ಅರ್ಧಕ್ಕೂ ಮಿಗಿಲಾದ ಭಾಗವನ್ನು, ಕಿರಣದ ಗುಣ ಕೆಡದಂತೆ, ಬೇರೆ ದಿಕ್ಕಿಗೆ ತಿರುಗಿಸಿದರು. ಅವರ ಏರ್ಪಾಟು ರಾಮನ್–ನಾಥರು ಲೆಕ್ಕ ಹಾಕಿದ ಸ್ಥಿತಿಗಿಂತ ಭಿನ್ನವಾದರೂ ಮೂಲ ತತ್ತ್ವ ಅದೇ. ಪ್ರಖರ ಲೇಸರ್ ಗಾಳಿಯಲ್ಲಿ ದೂರ ಸಾಗುವಾಗ ಅದರ ಶಕ್ತಿಯನ್ನು ಅಪಹರಿಸುವ ಕಾರಣಗಳಲ್ಲಿ ರಾಮನ್ ಚದರಿಕೆಯೂ ಒಂದೆಂಬುದು ವಿನೋದದ ಸಂಗತಿ.

ಇಷ್ಟು ಫಲವತ್ತಾದ ಆ ವರ್ಷಗಳೇ ರಾಮನ್ನರಿಗೆ ಕಹಿಯಾದವು. ಭೌತವಿಜ್ಞಾನಕ್ಕೆ ಅತಿಯಾದ ಪ್ರಾಶಸ್ತ್ಯವೆಂಬ ಆಕ್ಷೇಪವೆದ್ದು ಆಡಳಿತ ಮಂಡಳಿಯೊಡನೆ ವಿರಸ ಬೆಳೆಯಿತು. ಅವರ ನಡೆನುಡಿಯಲ್ಲಿ ಬಿರುಸಿದ್ದುದೂ ನಿಜವೇ. 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಆದರೂ ಅವರು ಬೆಂಗಳೂರನ್ನು ತೊರೆಯಲಿಲ್ಲ, ಪ್ರಯೋಗಶಾಲೆಯನ್ನಂತೂ ತೊರೆಯಲೇ ಇಲ್ಲ. 1948ರವರೆಗೆ ಪ್ರಾಧ್ಯಾಪಕರಾಗಿ ದುಡಿದು, ಮೈಸೂರು ಸರ್ಕಾರ ಅಕಾಡೆಮಿಗೆ ನೀಡಿದ್ದ ನೆಲದಲ್ಲಿ, ದಾನಿಗಳಿಂದ ಧನವನ್ನು ಕೂಡಿಸಿ ತಮ್ಮ ಸಂಶೋಧನಾ ಮಂದಿರವನ್ನು ಕಟ್ಟಿದರು. 1954ರಲ್ಲಿ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ನಿಧನರಾದ ಅವರ ಅಂತ್ಯಸಂಸ್ಕಾರವು ಆ ಮಂದಿರದ ತೋಟದಲ್ಲಿಯೇ ನೆರವೇರಿತು.